ಹಳ್ಳದಾಚೆಯ ಮರಗಳು

ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ಮೊದಲ ಹೆಣಿಗೆ ಹಾಕುವಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಗುರುಗುಟ್ಟುತ್ತ ಅಂಚಿನ ಕಡೆಗೆ ಜಾರತೊಡಗಿತು.

"ಕೈ ಬಿಡಬೇಡಮ್ಮಾ, ಮತ್ತೆ ಸಿಕ್ಕಾಗತ್ತೆ," ಎಂದಳು ಮಗಳು, ಕತ್ತು ಅಲ್ಲಾಡಿಸದೆ.

ತಾಯಿ ಒಂದು ಕೈಯಲ್ಲಿ ಮೂರೂ ಎಳೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಫೋನನ್ನು ಹಿಡಿದು, ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಕಚೇರಿಯ ಮುಖ್ಯಸ್ಥರು. ಬೆಳಿಗ್ಗೆ ಬೆಳಿಗ್ಗೆ ಅವರು ಫೋನು ಮಾಡಿದರೆ ಸಾಮಾನ್ಯವಾಗಿ ಬೈಗುಳವೇ. ಇವತ್ತು ದನಿಯಲ್ಲಿ ಸಕ್ಕರೆ ಬೆರೆತಿತ್ತು.

"ಏನಮ್ಮಾ ಇದು, ಕಾಡು ಇಷ್ಟು ಬೆಳೆದುಬಿಟ್ಟಿದೆ! ನೀವು ಕಳಿಸಿದ ನಕ್ಷೆ ನೋಡ್ದೆ. ಹಳ್ಳದಾಚೆ ಕಡೆಯಂತೂ ಕಡುಹಸಿರು. ಮೇಲಿನವರು ಕುಣಿದಾಡ್ತಾರೆ."

"ಸರ್, ಅದು ಇನ್ನೂ ಕರಡು. ಹಳ್ಳದಾಚೆಯ ಲೆಕ್ಕ ನನಗೇ ಗಂಟಲಲ್ಲಿ ಇಳೀತಿಲ್ಲ."

"ಇಳೀಲಿ ಬಿಡ್ಲಿ, ಇವತ್ತು ಸಂಜೆಯೊಳಗೆ ಹೋಗಬೇಕು. ಒಂದೇ ಒಂದು ಸಂಖ್ಯೆ ಕೊಡಿ ಸಾಕು."

"ಇವತ್ತು ನಾನು ರಜೆ ಸರ್. ಮಗಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಬೇಕು."

"ಡಾಕ್ಟರು ಬೆಳಿಗ್ಗೆಯಿಂದ ಸಂಜೆವರೆಗೂ ನೋಡ್ತಾರೇನಮ್ಮಾ? ಮನೆಯಿಂದಲೇ ನೋಡಿ ಕಳಿಸಿ," ಎಂದು ಅವರು ಫೋನು ಇಟ್ಟುಬಿಟ್ಟರು.

ಇಷ್ಟರಲ್ಲಿ ಎಳೆಗಳು ಬೆರಳಿನಿಂದ ಜಾರಿ, ಹಾಕಿದ ಒಂದು ಹೆಣಿಗೆಯೂ ಬಿಚ್ಚಿಹೋಗಿತ್ತು. ಮಗಳು ನಿಟ್ಟುಸಿರು ಬಿಟ್ಟು, ಕುರ್ಚಿಯಿಂದ ಮೆಲ್ಲಗೆ ಇಳಿದು ಹೋದಳು. ಮೊದಲಾಗಿದ್ದರೆ ಹಾರಿ ಇಳಿಯುತ್ತಿದ್ದಳು. ಹಾರುವುದು ನೋಡಿಯೇ ಅವಳಪ್ಪ ಅವಳಿಗೆ ಮಿಡತೆ ಎಂದು ಹೆಸರಿಟ್ಟಿದ್ದು. ಈಚೆಗೆ ಮಿಡತೆ ಹಾರುವುದನ್ನು ಬಿಟ್ಟಿದ್ದಳು.

ತಾಯಿಯ ಚಿಂತೆಯೂ ಅದೇ. ಹುಡುಗಿ ಬೆಳೆಯುತ್ತಿಲ್ಲ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನ ಗೆರೆಗಳು ಒಂದರ ಮೇಲೊಂದು ಮೆಟ್ಟಿಲಿನಂತೆ ಹತ್ತಿಕೊಂಡು ಬಂದು, ಕಳೆದ ಮಳೆಗಾಲದಿಂದ ಒಂದೇ ಕಡೆ ಗುಂಪಾಗಿ ನಿಂತುಬಿಟ್ಟಿದ್ದವು. ತಿಂಗಳು ತಿಂಗಳೂ ಅವಳೇ ಮಗಳ ತಲೆಯ ಮೇಲೆ ದಪ್ಪ ನಿಘಂಟನ್ನು ಮಟ್ಟವಾಗಿ ಇಟ್ಟು ಗೆರೆ ಎಳೆಯುತ್ತಿದ್ದಳು. ಹೊಸ ಗೆರೆ ಹಳೆಯ ಗೆರೆಯ ಮೇಲೇ ಬಂದು ಕೂರುತ್ತಿತ್ತು. ನಾನೇ ಸರಿಯಾಗಿ ಅಳೆಯುತ್ತಿಲ್ಲವೇನೋ ಎಂದು ಸುಮ್ಮನಿದ್ದಳು. ಆಮೇಲೆ ಶಾಲೆಯ ನರ್ಸಮ್ಮನೂ ಎಲ್ಲ ಹುಡುಗಿಯರನ್ನು ಉದ್ದ ಲಂಗದ ಸಮವಸ್ತ್ರದಲ್ಲೇ ಅವಸರದಲ್ಲಿ ಅಳೆದು, ಇವಳ ವಿಷಯದಲ್ಲಿ ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕಳಿಸಿದ್ದರು. ಇವತ್ತು ಸಂಜೆ ರಕ್ತ ತೆಗೆಯುತ್ತಾರೆ. ಮೂಳೆಯ ಚಿತ್ರವನ್ನೂ ತೆಗೆಯಬಹುದು. ಏನು ಹೇಳುತ್ತಾರೋ, ಯಾವ ಹೆಸರಿನ ಕಾಯಿಲೆಯೋ.

ಮಗಳ ಅಪ್ಪ ಹಡಗಿನಲ್ಲಿದ್ದ. ಯಂತ್ರದ ಕೋಣೆಯಲ್ಲಿ ಕೆಲಸ. ಹಡಗು ಬಂದರು ಮುಟ್ಟಿದಾಗ ಫೋನು, ಇಲ್ಲದಿದ್ದರೆ ಇಲ್ಲ. ಹೋದ ಸಲ ಹೊರಡುವಾಗ ಪೆಟ್ಟಿಗೆ ಹೊಸ್ತಿಲ ಹೊರಗಿಟ್ಟು, ಮಗಳ ಎರಡೂ ಕಿವಿ ಹಿಡಿದು, "ನೋಡು ಮಿಡತೆ, ನಾನು ಬರೋಷ್ಟರಲ್ಲಿ ಉದ್ದಕ್ಕೆ ಬೆಳೆದುಬಿಡಬೇಡ. ಯಾರ ಮನೆ ಹುಡುಗಿಯಪ್ಪಾ ಇವಳು ಅಂತ ನಾನು ಬಾಗಿಲಲ್ಲೇ ನಿಂತ್ಕೊಂಡುಬಿಡ್ತೀನಿ, ಅಷ್ಟೇ," ಎಂದಿದ್ದ. ಎಲ್ಲರೂ ನಕ್ಕಿದ್ದರು. ಎಲ್ಲ ಅಪ್ಪಂದಿರೂ ಹೇಳುವ ಮಾತು. ಅವನು ಹೋದ ಮೇಲೆ ಮಗು ಬೆಳೆಯುವುದೇ ನಿಂತಿದೆ ಎಂದು ಅವನಿಗೆ ಹೇಳುವ ಧೈರ್ಯ ಇವಳಿಗೆ ಬಂದಿರಲಿಲ್ಲ. ನಡುಸಮುದ್ರದಲ್ಲಿರುವವನಿಗೆ ಹೇಳಿ ಏನು ಮಾಡಿಸುವುದು?

ಊಟದ ಮೇಜಿನ ಒಂದು ತುದಿಯಲ್ಲಿ ತಟ್ಟೆಗಳನ್ನು ಸರಿಸಿ ಕಂಪ್ಯೂಟರ್ ತೆರೆದಳು. ಇನ್ನೊಂದು ತುದಿಯಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಮೊಮ್ಮಗಳ ಪೈಜಾಮದ ಅಂಚು ಬಿಚ್ಚುತ್ತ ಕೂತಿದ್ದರು.

"ಮತ್ತೆ ಗಿಡ್ಡ ಆಯ್ತು ನೋಡು. ನಿನ್ನ ಆ ಮೆಷಿನ್ನು ಬಟ್ಟೆ ಒಗೆಯಲ್ಲ ಕಣೇ, ತಿನ್ನತ್ತೆ. ಹೋದ ಸಲವೂ ಬಿಚ್ಚಿ ಬಿಟ್ಟಿದ್ದೆ. ಇನ್ನು ಬಿಚ್ಚೋಕೆ ಅಂಚೇ ಇಲ್ಲ."

"ಬಿಸಿನೀರಿಗೆ ಕುಗ್ಗತ್ತೆ ಅತ್ತೆ. ತಣ್ಣೀರಿಗೆ ಹಾಕ್ತೀನಿ ಇನ್ನು," ಎಂದಳು ಅವಳು, ಕಣ್ಣು ಪರದೆಯ ಮೇಲೆ.

ಅವಳ ಕೆಲಸವನ್ನು ಅತ್ತೆಗೆ ಅರ್ಥ ಮಾಡಿಸಲು ಒಮ್ಮೆ ಅನ್ನದ ಪಾತ್ರೆಯನ್ನೇ ತೋರಿಸಿದ್ದಳು. ಮರಗಳು ಗಾಳಿಯಲ್ಲಿರುವ ಇಂಗಾಲವನ್ನು ಹೀರಿ, ಕಟ್ಟಿಗೆ ಮಾಡಿಕೊಂಡು ಮೈಯಲ್ಲಿ ಇಟ್ಟುಕೊಳ್ಳುತ್ತವೆ. ಒಂದು ಕಾಡು ಎಷ್ಟು ಹೀರಿದೆ ಎಂದು ತಿಳಿಯಲು ಮರಗಳನ್ನು ಕಡಿದು ತೂಗಲಾಗುವುದಿಲ್ಲವಲ್ಲ. ಅದಕ್ಕೇ ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವ ಹಾಗೆ, ಕಾಡಿನಲ್ಲಿ ಅಲ್ಲಲ್ಲಿ ಚಿಕ್ಕ ಚಿಕ್ಕ ತುಂಡು ಜಾಗ ಗುರುತಿಸಿ, ಅಲ್ಲಿನ ಪ್ರತಿ ಮರದ ಸುತ್ತಳತೆ ತೆಗೆಯುತ್ತಾರೆ. ಕೆಲವು ವರ್ಷ ಬಿಟ್ಟು ಅದೇ ಮರಗಳನ್ನು ಮತ್ತೆ ಅಳೆಯುತ್ತಾರೆ. ಎಷ್ಟು ದಪ್ಪವಾಗಿದೆಯೋ ಅಷ್ಟು ಹೀರಿದೆ. ಆಮೇಲೆ ಉಪಗ್ರಹದ ಚಿತ್ರವಿಟ್ಟುಕೊಂಡು, ಅಂಥದೇ ಕಾಡು ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂದು ನಕ್ಷೆ ಬಿಡಿಸಿ, ಅಗುಳಿನ ಲೆಕ್ಕವನ್ನು ಇಡೀ ಪಾತ್ರೆಗೆ ಹರಡಿ, ಹೆಚ್ಚು ಹೀರಿದ ಕಡೆಗೆ ಕಡುಹಸಿರು ಬಣ್ಣ ಕೊಡುವುದು ಇವಳ ಕೆಲಸ.

"ಸರಿ, ಅಗುಳೇ ಕೆಟ್ಟದ್ದು ಕೈಗೆ ಸಿಕ್ಕಿದ್ರೆ?" ಎಂದು ಅತ್ತೆ ಅವತ್ತೇ ಕೇಳಿದ್ದರು.

ಈಗ ಆಗಿರುವುದು ಅದೇ ಇರಬೇಕು ಎಂದು ಅವಳ ಮನಸ್ಸು ಚಡಪಡಿಸುತ್ತಿತ್ತು. ನಕ್ಷೆಯ ನಡುವೆ ಒಂದು ಹಳ್ಳ ಹರಿದಿತ್ತು. ಈಚೆ ದಡದ ಮರಗಳು ನ್ಯಾಯವಾಗಿ ಬೆಳೆದಿದ್ದವು. ಆಚೆ ದಡದ ಮರಗಳು ಅದರ ಎರಡರಷ್ಟು. ಮಣ್ಣು ಒಂದೇ, ಮಳೆ ಒಂದೇ, ಉಪಗ್ರಹದ ಕಣ್ಣಿಗೆ ಎರಡೂ ದಡದ ಹಸಿರು ಒಂದೇ. ಕಾಡು ಗೆರೆ ಎಳೆದುಕೊಂಡು ಬೆಳೆಯುವುದಿಲ್ಲ. ಗೆರೆ ಎಳೆಯುವುದು ಮನುಷ್ಯರು. ಇದನ್ನೇ ಒಂದು ಸಂಖ್ಯೆ ಮಾಡಿ ಕೊಟ್ಟರೆ, ಕಾಡು ಇಷ್ಟು ಹೀರಿದೆಯಲ್ಲ ಎಂಬ ಧೈರ್ಯದ ಮೇಲೆ ಎಲ್ಲೋ ಒಂದು ಕಾರ್ಖಾನೆ ಅಷ್ಟು ಹೊಗೆ ಬಿಡುತ್ತದೆ. ಮರ ಹೀರದೆ ಬಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಮೇಲೆ ಗಾಳಿಯಲ್ಲಿ ಇರುತ್ತದೆ.

ಎದ್ದು ಹೋಗಿ ಒಲೆ ಸಣ್ಣ ಮಾಡಿದಳು. ಮತ್ತೆ ಬಂದು ಕೂತಳು. ಲೆಕ್ಕವನ್ನು ಇನ್ನೊಮ್ಮೆ ಓಡಿಸಿದಳು. ಅದೇ ಉತ್ತರ. ಬಾಗಿಲ ಚೌಕಟ್ಟಿನ ಕಡೆ ಕಣ್ಣು ಹೋಯಿತು. ಅಲ್ಲೂ ಅದೇ ಉತ್ತರ. ಮತ್ತೆ ಎದ್ದು ಒಲೆಯ ಹತ್ತಿರ ಹೋದಳು.

"ಕಾಲಿಗೆ ಚಕ್ರ ಕಟ್ಕೊಂಡಿದೀಯಲ್ಲೇ," ಎಂದರು ಅತ್ತೆ, ದಾರ ಕಚ್ಚಿ ಹರಿಯುತ್ತ. "ಕಾಡಿನ ಮರ ಬೆಳೆದಿದೆ ಅಂತ ಒಂದು ಚಿಂತೆ, ಮನೆ ಮಗು ಬೆಳೆದಿಲ್ಲ ಅಂತ ಒಂದು ಚಿಂತೆ. ಎರಡನ್ನೂ ಅದಲುಬದಲು ಮಾಡ್ಕೊಂಡ್ರೆ ಆಗ್ತಿತ್ತು."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಅತ್ತೆ ಅದನ್ನು ಕಂಡು ಸೂಜಿ ಕೆಳಗಿಟ್ಟರು. "ಹುಚ್ಚಿ. ನಿನ್ನ ಗಂಡನೂ ಹೀಗೇ ಒಂದಷ್ಟು ದಿನ ಗುಬ್ಬಚ್ಚಿ ಹಾಗಿದ್ದ. ಆಮೇಲೆ ನೋಡು, ಸೂರಿಗೆ ತಲೆ ತಾಗಿಸ್ಕೊಂಡ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಆ ಡಾಕ್ಟರು ಸುಮ್ಮಸುಮ್ಮನೆ ಸೂಜಿ ಚುಚ್ಚೋದು ನನಗಂತೂ ಇಷ್ಟ ಇಲ್ಲ."

ಮಿಡತೆ ಒಂಟಿ ಜಡೆಯಲ್ಲೇ ಬಾಗಿಲಲ್ಲಿ ನಿಂತಿದ್ದಳು. "ಸೂಜಿನಾ?"

"ಒಂದೇ ಒಂದು. ಇರುವೆ ಕಚ್ಚಿದ ಹಾಗೆ," ಎಂದಳು ತಾಯಿ. "ಹಾಲು ಕುಡಿದ್ಯಾ?"

"ಅಜ್ಜಿಗೆ ಕೊಟ್ಟೆ."

"ಅರ್ಧ ಲೋಟ ನಂಗೇ ಬರತ್ತೆ ದಿನಾ," ಎಂದರು ಅಜ್ಜಿ. "ಈ ವಯಸ್ಸಲ್ಲಿ ನಾನು ಬೆಳೆದುಬಿಟ್ಟೇನು ನೋಡು!"

ಹುಡುಗಿ ನಗಲಿಲ್ಲ. ತಾಯಿಯ ಕುರ್ಚಿಯ ಹಿಂದೆ ಬಂದು, ಬೆನ್ನು ಬಾಗಿಸಿ, ಗದ್ದವನ್ನು ಅವಳ ಭುಜದ ಮೇಲಿಟ್ಟು ಪರದೆ ನೋಡತೊಡಗಿದಳು. ಏನೋ ಕೇಳಬೇಕೆಂದು ಬಾಯಿ ತೆರೆದು, ಮುಚ್ಚಿದ್ದು ತಾಯಿಯ ಕಿವಿಗೆ ಉಸಿರಾಗಿ ತಾಗಿತು. ಈಚೆಗೆ ಹೀಗೇ. ಏನು ಮಿಡತೆ ಎಂದರೆ ಏನಿಲ್ಲ ಎನ್ನುತ್ತಿದ್ದಳು.

ಹಳ್ಳದಾಚೆಯ ಮರಗಳನ್ನು ಅಳೆದ ತಂಡದ ನಾಯಕನಿಗೆ ಕಚೇರಿಯಲ್ಲಿ ಮೆಣಸುಕಾಳು ಎಂದು ಹೆಸರು. ಆಳು ಗಿಡ್ಡ, ಮಾತು ಖಾರ, ಕೆಲಸದಲ್ಲಿ ಮಾತ್ರ ಒಂದು ದಿನ ಚಕ್ಕರ್ ಇಲ್ಲ. ಅವನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ಅಣ್ಣಾ, ಹಳ್ಳದಾಚೆ ಮರಗಳಿಗೆ ಏನು ಗೊಬ್ಬರ ಹಾಕಿದ್ರಿ?"

"ನಮ್ಮ ಕಾಲ್ಗುಣ ಮೇಡಂ!" ಆಚೆಯಿಂದ ನಗು, ಲಾರಿಯ ಸದ್ದು. "ಯಾಕೆ, ಜಾಸ್ತಿ ಬಂದಿದ್ಯಾ?"

"ಎರಡರಷ್ಟು ಬಂದಿದೆ. ಸರಿ, ಕಾಲ್ಗುಣ ಇರ್ಲಿ. ಅಳೆಯೋ ಕೋಲು ಅದೇ ಹಳೇದಾ?"

ಮರದ ಸುತ್ತಳತೆಯನ್ನು ಎಲ್ಲಿ ಬೇಕೆಂದರೆ ಅಲ್ಲಿ ತೆಗೆಯುವಂತಿಲ್ಲ. ಬುಡದ ಹತ್ತಿರ ಮರ ದಪ್ಪ, ಮೇಲೆ ಹೋದಂತೆ ಸಣ್ಣ. ಅದಕ್ಕೇ ಪ್ರತಿ ತಂಡಕ್ಕೂ ಒಂದು ಅಳತೆಯ ಕೋಲು ಕೊಟ್ಟಿರುತ್ತಾರೆ. ಕೋಲನ್ನು ನೆಲಕ್ಕೆ ಊರಿ, ಅದರ ತುದಿ ಎಲ್ಲಿಗೆ ಬರುತ್ತದೋ ಅಲ್ಲಿ ಟೇಪು ಸುತ್ತಬೇಕು.

ಮೆಣಸುಕಾಳು ಲಾರಿಯ ಸದ್ದಿನ ಮೇಲೆ ದನಿ ಏರಿಸಿದ. "ಹಳೇದು ಹಳ್ಳ ದಾಟುವಾಗ ಕೊಚ್ಕೊಂಡು ಹೋಯ್ತು ಮೇಡಂ. ಹೊಸದು ಕಡಿದ್ಕೊಂಡ್ವಿ. ಅಳತೆ ತಪ್ಪಿಲ್ಲ ಆಯ್ತಾ! ಹೋದ ಸಲ ದೋಟಿಯಣ್ಣನ ಜೊತೆ ನಾನೂ ಇದ್ನಲ್ಲ. ಕೋಲು ಅವರ ಅಂಗಿಯ ಮೂರನೇ ಗುಂಡಿಗೆ ಸರಿಯಾಗಿ ಬರ್ತಿತ್ತು. ನಾನು ಕಣ್ಣಾರೆ ನೋಡಿದೀನಿ. ನಮ್ಮದೂ ಅದೇ ಕಂಪನಿ ಅಂಗಿ. ನನ್ನ ಮೂರನೇ ಗುಂಡಿಗೆ ಸರಿಯಾಗಿ ಕಡಿದೆ."

ಅವಳು ಹಣೆಗೆ ಕೈಯಿಟ್ಟುಕೊಂಡಳು. ಹಿಂದಿನ ಸಲದ ನಾಯಕ ದೋಟಿಯಣ್ಣ ಮಾವಿನಕಾಯಿ ಕೀಳಲು ಏಣಿ ಬೇಡದ ಮನುಷ್ಯ. ಅವರ ಮೂರನೇ ಗುಂಡಿಗೂ ಮೆಣಸುಕಾಳಿನ ಮೂರನೇ ಗುಂಡಿಗೂ ಒಂದು ಗೇಣಿಗೆ ಕಡಿಮೆಯಿಲ್ಲದ ಅಂತರ. ಒಂದು ಗೇಣು ಕೆಳಗೆ ಅಳೆದರೆ ಪ್ರತಿ ಮರವೂ ದಪ್ಪ. ಪ್ರತಿ ಮರವೂ ದಪ್ಪವಾದರೆ ಇಡೀ ಕಾಡೇ ದಪ್ಪ.

"ಅಲ್ಲಣ್ಣಾ, ಹಳೇ ತಂಡದವರು ಅಳೆದ ಜಾಗದಲ್ಲಿ ಕೆಂಪು ಬಣ್ಣದ ಪಟ್ಟೆ ಬಳಿದಿದ್ರಲ್ಲ. ಅದು ಕಾಣ್ಲಿಲ್ವಾ?"

"ಕಾಣ್ದೆ ಏನು! ನನ್ನ ಗದ್ದದ ಹತ್ರ ಇತ್ತು. ಮರ ಬೆಳೆದಿದೆ, ಪಟ್ಟೆನೂ ಜೊತೆಗೆ ಮೇಲೆ ಹೋಗಿದೆ ಅಂದ್ಕೊಂಡೆ. ಹುಡುಗರಿಗೂ ಹೇಳಿದೆ, ನೋಡ್ರೋ ಎಷ್ಟು ಮೇಲಕ್ಕೆ ಹೋಗಿದೆ ಅಂತ."

ಅವಳು ತಂಡದವರು ಕಳಿಸಿದ್ದ ಫೋಟೋ ತೆರೆದು ದೊಡ್ಡದು ಮಾಡಿದಳು. ಮೆಣಸುಕಾಳು ಮರವನ್ನು ಅಪ್ಪಿಕೊಂಡಂತೆ ನಿಂತು, ಹಲ್ಲು ಬಿಟ್ಟು, ಟೇಪು ಹಿಡಿದಿದ್ದ. ಟೇಪಿನ ಮೇಲೆ, ಅವನ ಗದ್ದದ ಮಟ್ಟದಲ್ಲಿ, ಮಾಸಿದ ಕೆಂಪು ಪಟ್ಟೆ. ಎಷ್ಟು ಸಲ ಈ ಫೋಟೋ ನೋಡಿದ್ದಳು! ಪ್ರತಿ ಸಲವೂ ಟೇಪಿನ ಮೇಲಿನ ಅಂಕಿಯನ್ನೇ ನೋಡಿದ್ದಳು. ಟೇಪು ಹಿಡಿದವನು ಹೇಗೆ ನಿಂತಿದ್ದಾನೆ ಎಂದು ನೋಡಿರಲಿಲ್ಲ.

"ಮರ ಹಾಗೆ ಬೆಳೆಯಲ್ಲ ಅಣ್ಣಾ," ಎಂದಳು, ಆದಷ್ಟು ಮೆತ್ತಗೆ. "ಅದು ತುದಿಯಲ್ಲಿ ಎತ್ತರ ಆಗತ್ತೆ, ಮೈಯಲ್ಲಿ ದಪ್ಪ ಆಗತ್ತೆ. ಮೈಮೇಲೆ ಹಾಕಿದ ಗುರುತು ಹಾಕಿದಲ್ಲೇ ಇರತ್ತೆ. ನಿಮ್ಮ ಮೊಮ್ಮಗನ ಕಾಲಕ್ಕೂ ಅದು ನಿಮ್ಮ ಗದ್ದದ ಹತ್ರವೇ ಇರತ್ತೆ."

"ಅಯ್ಯೋ ದೇವರೇ." ಖಾರವೆಲ್ಲ ಇಳಿದಿತ್ತು. "ಎಲ್ಲಾ ಮರಾನೂ ಹಾಗೇ ಅಳೆದ್ವಲ್ಲ ಮೇಡಂ. ಜಿಗಣೆ ಕಚ್ಚಿಸ್ಕೊಂಡು. ಈಗ ಮುಖ್ಯಸ್ಥರು ನನ್ನ ಚರ್ಮ ಸುಲೀತಾರೆ."

"ಕೋಲು ಹಳ್ಳದಲ್ಲಿ ಹೋಯ್ತು ಅಂತ ಬರೀತೀನಿ. ನಡೆದದ್ದು ಅದೇ ತಾನೆ. ಮತ್ತೊಂದು ಸಲ ಹೋಗಿ ಕೆಂಪು ಪಟ್ಟೆ ಮೇಲೇ ಟೇಪು ಸುತ್ತಿ ಬನ್ನಿ. ಗುಂಡಿ ನೋಡ್ಕೋಬೇಡಿ."

ಫೋನು ಇಟ್ಟಾಗ ಭುಜದ ಮೇಲಿನ ಗದ್ದ ಅಲುಗಾಡಿತು. "ಅಮ್ಮಾ, ಆ ಅಂಕಲ್ ಬೇಕು ಅಂತ ತಪ್ಪು ಮಾಡಿದ್ರಾ?"

"ಇಲ್ಲ ಕಂದಾ. ಸರಿಯಾಗಿ ಮಾಡ್ತಿದೀನಿ ಅಂದ್ಕೊಂಡೇ ಮಾಡಿದ್ದು."

"ಬೇಕು ಅಂತ ಮಾಡಿದ್ರೆ ನಿಂಗೆ ಗೊತ್ತಾಗ್ತಿತ್ತಾ?"

"ಇವತ್ತಲ್ಲ ನಾಳೆ ಗೊತ್ತಾಗ್ತಿತ್ತು."

"ಮತ್ತೆ ಮರದ ಗುರುತು... ಅದು ನಿಜವಾಗ್ಲೂ ಅಲ್ಲೇ ಇರತ್ತಾ? ಮರ ಎಷ್ಟು ದೊಡ್ಡದಾದ್ರೂ?"

"ಅಲ್ಲೇ ಇರತ್ತೆ." ಅಷ್ಟರಲ್ಲಿ ಒಲೆಯ ಮೇಲೆ ಏನೋ ಉಕ್ಕಿದ ಸದ್ದಾಗಿ ಅವಳು ಓಡಿದಳು. ತಿರುಗಿ ಬಂದಾಗ ಮಿಡತೆ ಪರದೆಯ ಮೇಲಿನ ಕೆಂಪು ಪಟ್ಟೆಯನ್ನು ಬೆರಳಿನಿಂದ ಸವರುತ್ತಿದ್ದಳು.

ಊಟವಾದ ಮೇಲೆ ಮುಖ್ಯಸ್ಥರಿಗೆ ಫೋನು ಮಾಡಿದಳು. ಕೇಳುತ್ತ ಕೇಳುತ್ತ ಅವರ ದನಿಯ ಸಕ್ಕರೆ ಕರಗಿ ನೀರಾಯಿತು.

"ಅಲ್ಲಮ್ಮಾ, ಒಂದು ಗೇಣಿಗೆ ಇಷ್ಟು ರಾಮಾಯಣವೇ? ಬೆಟ್ಟ ಅಗೆದು ಇಲಿ ಹಿಡಿದಿರಿ."

"ಇಲಿ ಸಣ್ಣದೇ ಸರ್. ಎಲ್ಲಾ ಮರಕ್ಕೂ ಒಂದೊಂದು ಇಲಿ."

"ಈಗೇನು ಮಾಡೋಣ ಅಂತೀರಿ?"

"ಹಳ್ಳದಾಚೆಯ ಅಳತೆ ಬಿಟ್ಟು ಲೆಕ್ಕ ಹಾಕಿದೀನಿ. ಇಷ್ಟರಿಂದ ಇಷ್ಟರೊಳಗೆ ಇರಬಹುದು ಅಂತ ಬರುತ್ತೆ. ಅಂತರ ಸ್ವಲ್ಪ ದೊಡ್ಡದು. ಮತ್ತೆ ಅಳೆದು ಬಂದ ಮೇಲೆ ಕಿರಿದಾಗತ್ತೆ."

"ನಾನು ಒಂದು ಸಂಖ್ಯೆ ಕೇಳಿದ್ರೆ ಎರಡು ಕೊಡ್ತೀರಿ. ಮೇಲಿನವರಿಗೆ ಏನು ಹೇಳ್ಲಿ? ನಮ್ಮ ಕಾಡು ಎಷ್ಟು ಹೀರತ್ತೆ ಅಂತ ನಮಗೇ ಗೊತ್ತಿಲ್ಲ ಅಂತಲೇ?"

"ಸದ್ಯಕ್ಕೆ ಇಷ್ಟೇ ಗೊತ್ತು ಅಂತ ಹೇಳಿ ಸರ್. ನಾನು ಆ ಕಡುಹಸಿರು ನಕ್ಷೆಗೆ ಹೆಸರು ಹಾಕಲ್ಲ."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಇಷ್ಟು ಗಟ್ಟಿಯಾಗಿ ಅವರೆದುರು ಎಂದೂ ಮಾತಾಡಿರಲಿಲ್ಲ. ಮುಖ್ಯಸ್ಥರು ಗಂಟಲು ಕೆರೆದುಕೊಂಡರು. "ಕಳಿಸಿ, ಕಳಿಸಿ. ಏನಾಗತ್ತೋ ನೋಡೋಣ," ಎಂದರು. ಕಳಿಸಿದಳು. ಕಂಪ್ಯೂಟರ್ ಮುಚ್ಚಿದಳು. ಹಗುರವಾಗಬೇಕಿತ್ತು, ಆಗಲಿಲ್ಲ. ಇನ್ನೊಂದು ಲೆಕ್ಕ ಬಾಗಿಲ ಚೌಕಟ್ಟಿನ ಮೇಲೆ ಹಾಗೇ ಉಳಿದಿತ್ತು.

"ಹೊರಡೋ ಮುಂಚೆ ಒಂದು ಸಲ ಅಳೆದುಬಿಡೋಣ. ಡಾಕ್ಟರು ಕೇಳ್ತಾರೆ. ಬಾ ಮಿಡತೆ."

"ಇರು, ಗೌನ್ ಹಾಕ್ಕೊಂಡು ಬರ್ತೀನಿ," ಎಂದು ಹುಡುಗಿ ಒಳಗೆ ಹೋದಳು.

ತಾಯಿ ನಿಘಂಟು ಕೈಗೆತ್ತಿಕೊಂಡು ಪೆನ್ಸಿಲಿಗಾಗಿ ತಡಕಿದಳು. ತಡಕುತ್ತಿದ್ದ ಕೈ ನಿಂತಿತು. ಗೌನ್ ಯಾಕೆ? ರಾತ್ರಿ ಮಲಗುವಾಗ ಹಾಕಿಕೊಳ್ಳುವ ಆ ನೆಲ ಗುಡಿಸುವ ಗೌನ್, ಅದೂ ಹೊರಗೆ ಹೊರಟಿರುವಾಗ? ಹೋದ ತಿಂಗಳೂ ಅದೇ ಗೌನ್. ಅದರ ಹಿಂದಿನ ತಿಂಗಳೂ. ಚಪ್ಪಲಿ ಇಡುವ ಮೂಲೆಯ ಕಡೆ ನೋಡಿದಳು. ಮಗಳ ಶೂಗಳು ಧೂಳು ತಿನ್ನುತ್ತ ಕೂತಿದ್ದವು. ಕಚ್ಚತ್ತೆ ಎಂದು ಅವಳು ಅವನ್ನು ಮುಟ್ಟದೆ ಎಷ್ಟು ದಿನವಾಯಿತು? ಕುರ್ಚಿಯ ಬೆನ್ನಿಗೆ ಅತ್ತೆ ನೇತುಹಾಕಿದ್ದ ಪೈಜಾಮ ಬಿಚ್ಚಲು ಅಂಚಿಲ್ಲದೆ ತೂಗುತ್ತಿತ್ತು. ಮೆಷಿನ್ನು ಮನೆಯವರ ಬಟ್ಟೆಯನ್ನೆಲ್ಲ ಬಿಟ್ಟು ಇವಳೊಬ್ಬಳ ಬಟ್ಟೆಯನ್ನೇ ತಿನ್ನುತ್ತದೆಯೇ?

ಮಿಡತೆ ಬಂದು ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. ಗೌನ್ ಪಾದದ ಸುತ್ತ ರಾಶಿಯಾಗಿ ಬಿದ್ದಿತ್ತು. ಕಣ್ಣು ಎದುರುಗೋಡೆಯ ಮೇಲೆ. ಅಳೆಯುವಾಗ ಯಾವತ್ತೂ ಹೀಗೇ, ಸಿಪಾಯಿಯ ಹಾಗೆ, ಉಸಿರು ಬಿಗಿಹಿಡಿದು.

ತಾಯಿ ನಿಘಂಟನ್ನು ತಲೆಯ ಮೇಲೆ ಇಟ್ಟಳು. ಹಳೆಯ ಗೆರೆಗೇ ಬಂತು. ಇಷ್ಟು ದಿನ ಅವಳು ನೋಡುತ್ತಿದ್ದದ್ದು ಈ ಗೆರೆಯನ್ನೇ. ತಲೆಯನ್ನು, ಪುಸ್ತಕವನ್ನು, ಪೆನ್ಸಿಲಿನ ಮೊನೆಯನ್ನು. ಇವತ್ತು ಪುಸ್ತಕವನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತಳು. ಮೆಲ್ಲಗೆ ಗೌನಿನ ಮೇಲಿಂದಲೇ ಮಗಳ ಪಾದ, ಮೀನಖಂಡ ಸವರಿಕೊಂಡು ಕೈಯನ್ನು ಮೇಲಕ್ಕೆ ತಂದಳು.

ಮಂಡಿಗಳು ಮಡಚಿಕೊಂಡಿದ್ದವು. ತೊಡೆಗಳು ನಡುಗುತ್ತಿದ್ದವು, ತುಂಬ ಹೊತ್ತು ಭಾರ ಹೊತ್ತವರ ತೊಡೆಗಳ ಹಾಗೆ.

ಅಡುಗೆಮನೆಯೊಳಗಿಂದ ಅತ್ತೆ, "ಎಷ್ಟಾಯ್ತೇ?" ಎಂದು ಕೂಗಿದರು. ಕಾಯಿಲೆಯಿಲ್ಲ. ಹುಡುಗಿ ಬೆಳೆದಿದ್ದಾಳೆ. ಬೆಳೆದದ್ದನ್ನು ತಿಂಗಳು ತಿಂಗಳೂ ಮಡಿಸಿ ಮಡಿಸಿ ಗೌನಿನೊಳಗೆ ಬಚ್ಚಿಟ್ಟಿದ್ದಾಳೆ. ಯಾಕೆ? ಬಾಯಿಗೆ ಬಂದ ಆ ಮಾತನ್ನು ಅವಳು ನುಂಗಿಕೊಂಡಳು. ಕೇಳಿದರೆ ಏನಿಲ್ಲ ಎನ್ನುತ್ತಾಳೆ. ಕೇಳದೆ ಇದ್ದರೆ ಹೇಳಿಯಾಳು.

ಎರಡೂ ಮಂಡಿಗಳ ಮೇಲೆ ಅಂಗೈ ಇಟ್ಟುಕೊಂಡು ಹಾಗೇ ಕೂತಳು. ಬಲಗಡೆಯ ಬಿಚ್ಚಿದ ಕೂದಲು ಮಗಳ ಮುಖದ ಮೇಲೆ ಇಳಿಬಿದ್ದಿತ್ತು.

"ನೇರ ನಿಂತ್ಕೋಬೇಕಾ?" ಮಿಡತೆ ಪಿಸುಗುಟ್ಟಿದಳು.

"ನಿನಗೆ ಯಾವಾಗ ಬೇಕೋ ಆವಾಗ."

ಅಂಗೈ ಕೆಳಗೆ ಮಂಡಿಗಳು ಒಂದಿಷ್ಟು ನೆಟ್ಟಗಾದವು. ನಿಂತವು. ಇನ್ನೊಂದಿಷ್ಟು ನೆಟ್ಟಗಾದವು. ಗೌನಿನ ರಾಶಿ ನೆಲ ಬಿಟ್ಟು ಮೇಲೆದ್ದು, ಕೆಳಗೆ ಉದ್ದನೆಯ ಬೆರಳುಗಳ ಎರಡು ಪಾದ ಕಂಡವು. ಗೆರೆಗಳ ಗುಂಪನ್ನು ದಾಟಿ, ಬರಿಯ ಮರದ ಮೇಲೆ, ಆ ತಲೆ ಏರುತ್ತಲೇ ಹೋಯಿತು. ಅದೆಷ್ಟು ಉದ್ದ! ಅವಳಪ್ಪನ ಉದ್ದ. ಮೇಲಿನಿಂದ ಅವಳು ತಾಯಿಯನ್ನು ನೋಡಿದಳು.

"ಅಮ್ಮಾ, ನಾನು ಇಷ್ಟು ಬೆಳೆದ್ಬಿಟ್ರೆ, ಬಾಗಿಲಲ್ಲಿ ಅಪ್ಪಂಗೆ ನನ್ನ ಗುರುತು ಸಿಗತ್ತಾ?"